ಪ್ರತಿಕ್ರಿಯೆ: ಬೆಳಗಿನ ಸ್ಪರ್ಧೆಗೆ ಗಂಟಲು ಸಿದ್ಧ ಮಾಡಿಕೊಳ್ಳುವುದು

ಬೆಳಿಗ್ಗೆ 9ಕ್ಕೆ ಶಾಸ್ತ್ರೀಯ ಗಾಯನ ಸ್ಪರ್ಧೆ, ತಾರ ಷಡ್ಜಕ್ಕೆ (ಮೇಲಿನ ಸ್ಥಾಯಿಯ ‘ಸ’) ಹೋದರೆ ದನಿ ಒಡೆಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು, 6ಕ್ಕೇ ಎದ್ದುಬಿಡಿ. ಮಲಗಿ ಎದ್ದ ಕೂಡಲೇ ಧ್ವನಿತಂತುಗಳು ಸ್ವಲ್ಪ ಊದಿಕೊಂಡಿರುತ್ತವೆ. ಅದಕ್ಕೇ ದನಿ ದಪ್ಪಗಿರುತ್ತದೆ. ಓಡಾಡುತ್ತಾ, ಮಾತಾಡುತ್ತಾ ಅದು ತಾನಾಗಿ ಸರಿಹೋಗುತ್ತದೆ.

ಕತ್ತು, ಭುಜ, ದವಡೆ ಸಡಿಲ ಮಾಡಿಕೊಳ್ಳಿ. ಬಾಯಿ ಮುಚ್ಚಿ ಮೆಲ್ಲಗೆ ಗುನುಗಿ. ಆಮೇಲೆ ಶ್ರುತಿ (ಆಧಾರ ಸ್ವರ) ಹಾಕಿಕೊಂಡು ಮಧ್ಯ ಷಡ್ಜದಿಂದ (ನಡುವಿನ ಸ್ಥಾಯಿಯ ‘ಸ’) ಮಂದ್ರ ಪಂಚಮದವರೆಗೆ (ಕೆಳಗಿನ ಸ್ಥಾಯಿಯ ‘ಪ’) ಅಕಾರದಲ್ಲಿ, ಅಂದರೆ ‘ಆ’ ಅನ್ನುತ್ತಾ, ಇಳಿಯಿರಿ. ಇಲ್ಲಿ ಅವಸರ ಬೇಡವೇ ಬೇಡ. ಮಂದ್ರದಲ್ಲಿ ಉಸಿರು ನೆಲೆ ನಿಂತರೆ ಮೇಲೆ ಹೋಗುವುದು ಎಷ್ಟೋ ಸುಲಭ. ನಂತರ ಮಾಯಾಮಾಳವಗೌಳ ರಾಗದ ಸರಳೆ ವರಸೆ (ಆರಂಭದ ಸ್ವರಪಾಠ), ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ ಮಾತ್ರ. ತಾರ ಷಡ್ಜ ಕೊನೆಗಿರಲಿ. ಅದನ್ನು ಮೆಲ್ಲಗೆ ಮುಟ್ಟಿ ಬನ್ನಿ, ಜೋರಾಗಿ ತಳ್ಳಬೇಡಿ. ದನಿ ಒಡೆಯುವುದು ಹೆಚ್ಚಾಗಿ ತಳ್ಳುವುದರಿಂದಲೇ.

ನೀರು ಹಿಂದಿನ ದಿನದಿಂದಲೇ ಕುಡಿಯಿರಿ. ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ ಅಲ್ವಾ? ಹಾಗಾಗಿ ವೇದಿಕೆ ಹತ್ತುವಾಗ ಕುಡಿದರೆ ಸಾಲದು. ಬಿಸಿನೀರಿನ ಹಬೆ ಮಾತ್ರ ನೇರವಾಗಿ ತಲುಪುತ್ತದೆ, ಅದನ್ನು ತೆಗೆದುಕೊಳ್ಳಿ. ಸುಮ್ನೆ ಸುಮ್ನೆ ಕೆಮ್ಮಿ ಗಂಟಲು ಕೆರೆಯಬೇಡಿ, ಎಂಜಲು ನುಂಗಿ. ತಿಂಡಿಗೆ ಎರಡು ಇಡ್ಲಿ ಸಾಕು.

ನೀವು ಎಷ್ಟು ಮನೆ ಶ್ರುತಿಯಲ್ಲಿ, ಅಂದರೆ ಎಷ್ಟು ಎತ್ತರದ ಆಧಾರ ಸ್ವರದಲ್ಲಿ, ಹಾಡುತ್ತೀರಿ? ಒಂದರ್ಧ ಮನೆ ಜಾಸ್ತಿ ಇಟ್ಟುಕೊಂಡಿದ್ದರೂ ಈ ತೊಂದರೆ ಬರುತ್ತದೆ. ನಿಮ್ಮ ಗುರುಗಳ ಹತ್ತಿರ ಒಮ್ಮೆ ಕೇಳಿ ನೋಡಿ.