ಬುಟ್ಟಿ ತಳ್ಳಿದವರು ಎಲ್ಲಿ?

ನಮಸ್ಕಾರ.

ಆರ್ನೆಮ್ ಯುದ್ಧದ ಮೇಲಿನ ನಿಮ್ಮ ಕತೆಯನ್ನು ಎರಡು ಸಲ ಓದಿದೆ. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನಲ್ಲಿ ಪ್ಯಾರಾಚೂಟ್, ಗ್ಲೈಡರ್‌ಗಳಲ್ಲಿ ಇಳಿದು ಸಿಕ್ಕಿಹಾಕಿಕೊಂಡ ಬ್ರಿಟಿಷ್ ಸೈನಿಕರು, ಅವರಿಗೆ ಸಾಮಾನು ಹಾಕಲು ಹೋದ ಪೈಲಟ್ ಡೇವಿಡ್ ಲಾರ್ಡ್. ಒಳ್ಳೆಯ ವಸ್ತು. ಭಾಷೆಯೂ ಸಲೀಸಾಗಿದೆ. ಹೊಗಳಿಕೆ ಇಷ್ಟು ಸಾಕು, ಯಾಕಂದ್ರೆ ನಿಮ್ಮ ಮೂರನೇ ಪುಟದ ಮೇಲೆ ನನಗೆ ಸಿಟ್ಟಿದೆ.

“ಬಣ್ಣಬಣ್ಣದ ಪ್ಯಾರಾಚೂಟುಗಳು ಹೂವಿನಂತೆ ಅರಳಿ ಹಸಿದ ಸೈನಿಕರ ಮಡಿಲಿಗೆ ಇಳಿದವು” ಅಂತ ಬರೆದಿದ್ದೀರಿ.

‘ಬಣ್ಣಬಣ್ಣದ’. ಅದು ಚಂದಕ್ಕಲ್ಲ. ಮದ್ದುಗುಂಡು ಯಾವುದು, ಊಟ ಯಾವುದು ಅಂತ ಕೆಳಗಿದ್ದವನಿಗೆ ದೂರದಿಂದಲೇ ಗೊತ್ತಾಗಲಿ ಅಂತ. ‘ಹೂವಿನಂತೆ’. ಅಂಥ ಒಂದು ಡಬ್ಬ ತಲೆ ಮೇಲೆ ಬಿದ್ದರೆ ಮನುಷ್ಯ ಉಳಿಯಲ್ಲ. ಹೂವಂತೆ! ಇನ್ನು ‘ಮಡಿಲಿಗೆ’. ಆ ಪದ ಸುಳ್ಳಾಗುವುದರಲ್ಲೇ ಅಲ್ವಾ ಇಡೀ ಕತೆ ಇರೋದು? ಸಾಮಾನು ಹಾಕಲು ಮೊದಲೇ ಗೊತ್ತುಮಾಡಿದ್ದ ಬಯಲು ಜರ್ಮನ್ನರ ಕೈಯಲ್ಲಿತ್ತು. ಜಾಗ ಬದಲಿಸಿ ಅಂತ ಕೆಳಗಿನಿಂದ ಕಳಿಸಿದ ಸಂದೇಶ ಮುಟ್ಟಲೇ ಇಲ್ಲ. ಸೈನಿಕರು ಹಳದಿ ಬಟ್ಟೆ ಬೀಸಿದರು. ವಿಮಾನಗಳು ಗುಂಡಿನ ನಡುವೆ ನುಗ್ಗಿ ಬಂದು, ಮೊದಲು ಹೇಳಿದ್ದ ಜಾಗಕ್ಕೇ ಹಾಕಿ ಹೋದವು. ಹಸಿದವನು ನೋಡುತ್ತಾ ನಿಂತಿದ್ದಾನೆ, ಅವನ ಊಟ ಶತ್ರುವಿನ ಅಂಗಳಕ್ಕೆ ಬೀಳುತ್ತಿದೆ. ಇದು ಕೈಯಲ್ಲಿದ್ದಾಗ ಹೂವು ಯಾಕೆ ಬೇಕಿತ್ತು?

ಮುಂದಿನ ಸಾಲು: “ಲಾರ್ಡ್ ಬಾಗಿಲು ತೆರೆದು ಪೆಟ್ಟಿಗೆಗಳನ್ನು ಒಂದೊಂದಾಗಿ ಎಸೆದನು.” ಎಸೆದನಾ ಸ್ವಾಮಿ? ಹಾಗಾದ್ರೆ ವಿಮಾನ ಓಡಿಸಿದ್ದು ಯಾರು? ಆ ಡಕೋಟಾ ವಿಮಾನದಲ್ಲಿ ಎಂಟು ಜನರಿದ್ದರು. ನಾಲ್ವರು ವಾಯುಪಡೆಯವರು, ಇನ್ನು ನಾಲ್ವರು ಭೂಸೇನೆಯ ಸರಬರಾಜು ದಳದವರು. ದೊಡ್ಡ ಬೆತ್ತದ ಬುಟ್ಟಿಗಳನ್ನು ರೋಲರ್‌ಗಳ ಮೇಲೆ ಉರುಳಿಸಿ, ತೆರೆದ ಬಾಗಿಲಿನಿಂದ ಹೊರಗೆ ತಳ್ಳೋದು ಈ ನಾಲ್ವರ ಕೆಲಸ. ಸೆಪ್ಟೆಂಬರ್ 19ರಂದು ಬಲ ರೆಕ್ಕೆಗೆ ಬೆಂಕಿ ಹತ್ತಿದಾಗಲೂ ಅವರು ತಳ್ಳುತ್ತಲೇ ಇದ್ದರು. ಎರಡು ಉಳಿದಿವೆ ಅಂತ ಗೊತ್ತಾದಾಗ ಲಾರ್ಡ್ ವಿಮಾನ ತಿರುಗಿಸಿ ಮತ್ತೊಂದು ಸುತ್ತು ಬಂದರು. ರೆಕ್ಕೆ ಮುರಿಯಿತು. ಬದುಕಿದ್ದು ದಾರಿ ಹೇಳುವ ನ್ಯಾವಿಗೇಟರ್ ಒಬ್ಬರೇ. ಲಾರ್ಡ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು, ಸರಿಯಾಗೇ ಬಂತು. ಆದರೆ ಆ ನಾಲ್ವರನ್ನು ನೀವು ವಿಮಾನ ಹತ್ತಿಸಲೇ ಇಲ್ಲ.

ನಾನೂ ಇದೇ ತಪ್ಪು ಮಾಡಿದವನೇ. ಪತ್ರಿಕೆ ಸೇರಿದ ಹೊಸದರಲ್ಲಿ ಕೃಷ್ಣಾ ತೀರದ ನೆರೆಯ ಸುದ್ದಿ ಬರೆಯಲು ಕೊಟ್ಟರು. ‘ಆಕಾಶದಿಂದ ಅಮೃತ’ ಅಂತ ತಲೆಬರಹ ಹಾಕಿದ್ದೆ. ಹೆಲಿಕಾಪ್ಟರಿನಿಂದ ಪೊಟ್ಟಣ ಹಾಕಿದ್ದರು, ಅಷ್ಟೇ. ಹಿರಿಯ ಉಪಸಂಪಾದಕರು ಕನ್ನಡಕ ಹಣೆಗೇರಿಸಿ, “ಪೊಟ್ಟಣದಲ್ಲಿ ಏನಿತ್ತಪ್ಪಾ?” ಅಂದರು. “ಆಹಾರ ಸಾರ್.” “ಆಹಾರ ಅಂದ್ರೆ?” ನನಗೆ ಗೊತ್ತಿರಲಿಲ್ಲ. “ಕಟ್ಟಿದವರು ಯಾರು?” ಅದೂ ಗೊತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಹಿಡಿದು ಕೂತೆ. ಕಲ್ಯಾಣಮಂಟಪವೊಂದರಲ್ಲಿ ಹೆಂಗಸರು ಬೆಳಗಿನಿಂದ ಚಪಾತಿ ಲಟ್ಟಿಸಿ, ಚಟ್ನಿಪುಡಿ ಜೊತೆ ಕಟ್ಟುತ್ತಿದ್ದರಂತೆ. ಮರುದಿನ ಅಮೃತ ಹೋಗಿ ಚಟ್ನಿಪುಡಿ ಅಚ್ಚಾಯಿತು. ಒಂದು ವಾರ ಆ ಉಪಸಂಪಾದಕರ ಜೊತೆ ನಾನು ಸರಿಯಾಗಿ ಮಾತಾಡಲಿಲ್ಲ, ಅದು ಬೇರೆ ಮಾತು.

ನಿಮ್ಮ ಕತೆಯಲ್ಲಿ ‘ಸಾಮಗ್ರಿ’ ಅನ್ನುವ ಪದ ಹನ್ನೊಂದು ಸಲ ಬಂದಿದೆ, ಎಣಿಸಿದೆ. ಬುಟ್ಟಿಯೊಳಗೆ ಏನಿತ್ತು ಅಂತ ಒಂದು ಸಲವೂ ಇಲ್ಲ.

ಪ್ರೇಮಪತ್ರದ ಭಾಗದ ಬಗ್ಗೆ ನಾನೇನೂ ಹೇಳಲ್ಲ, ಇರಲಿ. ಮೂರನೇ ಪುಟ ಮಾತ್ರ ಹೊಸದಾಗಿ ಬರೆದು ಕಳಿಸಿ. ಕೈಗೆ ಬಂದ ಕೂಡಲೇ ನಾನು ಹುಡುಕೋದು, ಆ ನಾಲ್ವರು ವಿಮಾನದೊಳಗೆ ಎಲ್ಲಿ ನಿಂತಿದ್ದಾರೆ ಅಂತ.