ಹಳೇ ಥಿಂಕ್‌ಪ್ಯಾಡ್ ಪಾಸ್‌ವರ್ಡ್: ಚಿಪ್ ಅಳಿಸಬೇಡಿ, ಓದಿ

ನಮಸ್ಕಾರ ಸರ್. ಅಪ್ಪನ ಥಿಂಕ್‌ಪ್ಯಾಡ್ ಟಿ22 ಪಾಸ್‌ವರ್ಡ್ ಕೇಳುತ್ತಿದೆ, ಬೋರ್ಡಿನ ಪುಟ್ಟ ಸಿಮಾಸ್ ಬ್ಯಾಟರಿ ತೆಗೆದಿಟ್ಟರೂ ಹೋಗಲಿಲ್ಲ, ಒಳಗಿನ ಫೋಟೋ ಬೇಕು ಅಂತ ಕೇಳಿದ್ದೀರಿ.

ಫೋಟೋ ಮಾತ್ರ ಸಾಕು ಅಂದ್ರೆ ಬೋರ್ಡಿನಲ್ಲಿ ಪಾಸ್‌ವರ್ಡ್ ಇಟ್ಟುಕೊಂಡಿರುವ ಚಿಪ್ ಮುಟ್ಟಲೇಬೇಡಿ. ಹಾರ್ಡ್ ಡಿಸ್ಕ್ ಹೊರಗೆ ತೆಗೆದು ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿ ನೋಡಿ. ಅದು 44 ಪಿನ್ನಿನ ಐಡಿಇ ಡಿಸ್ಕ್, ಸಾಟಾ ಅಡಾಪ್ಟರ್ ಕೂರುವುದಿಲ್ಲ. ಕೇಳಿ ತಗೊಳ್ಳಿ. ಡಿಸ್ಕ್‌ಗೇ ಬೇರೆ ಪಾಸ್‌ವರ್ಡ್ ಹಾಕಿದ್ದರೆ ಮಾತ್ರ ಇದು ನಡೆಯಲ್ಲ. ಆ ಪಾಸ್‌ವರ್ಡ್ ಡಿಸ್ಕ್ ಒಳಗೇ ಇರುತ್ತದೆ, ಬೋರ್ಡಿನ ಚಿಪ್ ಓದಿ ಉಪಯೋಗವಿಲ್ಲ.

ಲ್ಯಾಪ್‌ಟಾಪ್ ಕೂಡ ಬದುಕಬೇಕು ಅಂದ್ರೆ ಮುಂದೆ ಓದಿ.

ಬ್ಯಾಟರಿ ತೆಗೆದರೆ ಹೋಗುವುದು ಪವರ್ ಆನ್ ಪಾಸ್‌ವರ್ಡ್ ಅಷ್ಟೇ. ಸೂಪರ್‌ವೈಸರ್ ಪಾಸ್‌ವರ್ಡ್ 24ಆರ್‌ಎಫ್08 ಅನ್ನೋ 1 ಕೆಬಿಯ ಪುಟ್ಟ ಇಇಪ್ರಾಮ್ (ಮೆಮೊರಿ ಚಿಪ್) ಒಳಗಿದೆ, ಕರೆಂಟ್ ಇಲ್ಲದಿದ್ದರೂ ಉಳಿಯುತ್ತದೆ. ಬ್ಯಾಟರಿ ತೆಗೆದಾಗ ಗಡಿಯಾರ ತಪ್ಪುತ್ತದೆ. ಅದನ್ನು ಸರಿಮಾಡಲು ಬಯೋಸ್ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಒಳಗೆ ಹೋಗಬೇಕು, ಅಲ್ಲಿಗೆ ಹೋಗಲು ಇದೇ ಪಾಸ್‌ವರ್ಡ್ ಬೇಕು! ಪಾಸ್‌ವರ್ಡ್ ಕೇಳುವಾಗ ಬೀಗದ ಜೊತೆ ಮನುಷ್ಯನ ಚಿತ್ರ ಕಂಡರೆ ಸೂಪರ್‌ವೈಸರ್ ಪಾಸ್‌ವರ್ಡೇ ಅಂತ ತಿಳ್ಕೊಳ್ಳಿ.

ದಯವಿಟ್ಟು "ಚಿಪ್ ಖಾಲಿ ಮಾಡಿಕೊಡ್ತೀವಿ" ಅನ್ನೋರ ಕೈಗೆ ಕೊಡಬೇಡಿ. ನನ್ನ ಟಿ21 ಹಾಗೇ ಹೋಯಿತು. ವಾಪಸ್ ತಂದು ಆನ್ ಮಾಡಿದರೆ, ಪಾಸ್‌ವರ್ಡ್ ಮಾಹಿತಿ ಕೆಟ್ಟಿದೆ ಅನ್ನೋ 0177 ಎರರ್ ತೋರಿಸಿ ಅಲ್ಲೇ ನಿಂತಿತು. ಮೆಷಿನ್ನಿನ ಸೀರಿಯಲ್ ನಂಬರ್ ಕೂಡ ಅದೇ ಚಿಪ್‌ನಲ್ಲಿತ್ತು. ಮೊದಲೇ ಒಂದು ಕಾಪಿ ತೆಗೆದಿಟ್ಟಿದ್ದರೆ ಉಳಿಯುತ್ತಿತ್ತು ಅನ್ನೋ ಬೇಸರ ಇವತ್ತಿಗೂ ಇದೆ. ಈ ಚಿಪ್ ತುಂಬಾ ಸೂಕ್ಷ್ಮ. ಹಿಂದೆ ಲಿನಕ್ಸ್‌ನಲ್ಲಿ ಸೆನ್ಸರ್ ಹುಡುಕುವ ಪ್ರೋಗ್ರಾಂ ಸುಮ್ನೆ ಓಡಿಸಿದ್ದಕ್ಕೇ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಇದರ ಮಾಹಿತಿ ಕೆಟ್ಟು ಬೂಟ್ ಆಗದೇ ಹೋಗಿವೆ.

ಅಳಿಸದೇ ಚಿಪ್ ಓದುವುದು ಹೇಗೆ? ಚಿಪ್‌ನ ಕಾಲುಗಳಿಗೆ ಮೂರು ತೆಳು ವೈರ್ ಸಾಕು: ಗ್ರೌಂಡ್, ಎಸ್‌ಡಿಎ (ಡೇಟಾ), ಎಸ್‌ಸಿಎಲ್ (ಕ್ಲಾಕ್). ಗ್ರೌಂಡ್ ಮೊದಲು ಬೆಸುಗೆ ಹಾಕಿ. ಲ್ಯಾಪ್‌ಟಾಪ್ ಆನ್ ಮಾಡಿ ಪಾಸ್‌ವರ್ಡ್ ಕೇಳುವ ತನಕ ಬಿಟ್ಟು, ಆಮೇಲೆ ಉಳಿದೆರಡನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿದ ರೀಡರ್‌ಗೆ (ಚಿಪ್ ಓದುವ ಸಾಧನ) ಸೇರಿಸಿ. ಹಳೇ ಸೀರಿಯಲ್ ಪೋರ್ಟಿನ ರೀಡರ್ ಆದರೆ ಹೆಚ್ಚಿನ ವೋಲ್ಟೇಜ್ ತಡೆಯುವ ಝೀನರ್ ಡಯೋಡ್ ಇರಲೇಬೇಕು. ಅಗ್ಗದ ಕಪ್ಪು ಸಿಎಚ್341ಎ ಅನ್ನೋ ಯುಎಸ್‌ಬಿ ರೀಡರ್ ಬೋರ್ಡ್ ಡೇಟಾ ಪಿನ್ನಲ್ಲಿ 5 ವೋಲ್ಟ್ ಕೊಡುತ್ತದೆ, ಇಲ್ಲಿರುವುದು 3.3. ಅದು ಬೇಡ.

ಬಂದ ಫೈಲನ್ನು ಮೊದಲು ಎರಡು ಕಡೆ ಉಳಿಸಿ. ಆಮೇಲೆ ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ತೋರಿಸುವ ಪ್ರೋಗ್ರಾಂ) ಪಾಸ್‌ವರ್ಡ್‌ಗಾಗಿ 338ನೇ ವಿಳಾಸ (ಹೆಕ್ಸ್ ಲೆಕ್ಕ) ನೋಡಿ, 340ರಲ್ಲಿ ಅದೇ ಇನ್ನೊಮ್ಮೆ ಇರುತ್ತದೆ. ಹೆಚ್ಚೆಂದರೆ 7 ಅಕ್ಷರ. ಅಕ್ಷರವಾಗಿ ಕಾಣಲ್ಲ, ಕೀಬೋರ್ಡ್ ಸ್ಕ್ಯಾನ್ ಕೋಡ್ ಇರುತ್ತದೆ. 23 16 30 26 17 ಕಂಡರೆ ಎಚ್, ಯು, ಬಿ, ಎಲ್, ಐ. ಅಂದ್ರೆ ಹುಬ್ಳಿ! ಕೀಲಿಯ ನಂಬರ್ ಆದ್ದರಿಂದ ದೊಡ್ಡಕ್ಷರ, ಸಣ್ಣಕ್ಷರದ ತಲೆಬಿಸಿ ಇಲ್ಲ.

ಟಿ43 ಮತ್ತು ಅದರ ಆಮೇಲಿನ ಮಾಡೆಲ್‌ಗಳಿಗೆ ಇದು ಹೊಂದಲ್ಲ. ನಿಮ್ಮದು ಟಿ22, ಧೈರ್ಯವಾಗಿ ಮಾಡಿ. ಬಿಚ್ಚಿದ ಮೇಲೆ ಬೋರ್ಡಿನ ಫೋಟೋ ಇಲ್ಲೇ ಹಾಕಿ, ಬೆಸುಗೆ ಹಾಕುವ ಮೊದಲು ಚಿಪ್ ಯಾವುದು ಅಂತ ಒಟ್ಟಿಗೆ ನೋಡೋಣ.