ಸಾಸಿವೆ ಡಬ್ಬಿಯಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ಲೇಖನ ‘ಮುಖವಾಡಗಳ ಸಂತೆ’ ತಲುಪಿತು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಆರನೇ ಪುಟದ ಹನ್ನೊಂದು ಸಾಲುಗಳಿಗಾಗಿ ಇಷ್ಟುದ್ದ ಉತ್ತರ ಬರೆಯಬೇಕಾಗಿದೆ. ಇದೇ ಬಗೆಯ ಲೇಖನ ಕಳಿಸುವವರು ಹಲವರಿರುವುದರಿಂದ ನಿಮ್ಮ ಹೆಸರು ತೆಗೆದು ಉತ್ತರವನ್ನು ಇಲ್ಲಿಯೇ ಹಾಕುತ್ತಿದ್ದೇವೆ.

ಉಳಿದವರಿಗೆ ಗೊತ್ತಾಗಲಿ: ಶಿರಸಿ ಸೀಮೆಯ ತೋಟದ ಮನೆಯೊಂದರಲ್ಲಿ ಕೂತು ರಾಜಕಾರಣ, ನೀತಿ, ಸೋಗಲಾಡಿತನದ ಬಗ್ಗೆ ಬರೆದ ಒಂಬತ್ತು ಪುಟ. ಮೊದಲ ಐದು ಪುಟ ಎಲ್ಲ ಪಕ್ಷದವರಿಗೂ ಬೈಗುಳ. ಆರರಲ್ಲಿ ಅತ್ತೆ ಬರುತ್ತಾರೆ, ಏಳರಲ್ಲಿ ಹೋಗಿಬಿಡುತ್ತಾರೆ. ಕೊನೆಗೆ ‘ಬದಲಾವಣೆ ನಮ್ಮಿಂದಲೇ ಆಗಬೇಕು’. ಆ ಕೊನೆಯ ಸಾಲನ್ನು ಈಗಲೇ ಹೊಡೆದು ಹಾಕಿ. ಹೀಗೆ ಮುಗಿಯುವ ಲೇಖನ ತಿಂಗಳಿಗೆ ಹತ್ತು ಬರುತ್ತವೆ.

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಆ ಗಾದೆ ಇಷ್ಟು ವರ್ಷ ಬಾಳಿದ್ದು ಅದರಲ್ಲಿ ಪುರಾಣವೂ ಇದೆ, ಬದನೆಕಾಯಿಯೂ ಇದೆ ಎಂಬ ಕಾರಣಕ್ಕೆ. ನಿಮ್ಮ ಐದು ಪುಟದಲ್ಲಿ ಬರೀ ಬದನೆಕಾಯಿ. ಯಾರೋ ತಿಂದರು, ನುಂಗಿದರು, ಗುಳುಂ ಮಾಡಿದರು ಎನ್ನುತ್ತೀರಿ. ತಿಂದವನು ಕಳ್ಳ, ಅಷ್ಟೇ. ತಿನ್ನಬಾರದೆಂದು ಯಾವ ವೇದಿಕೆಯಲ್ಲಿ, ಯಾವ ತಾರೀಕಿನಂದು, ಯಾವ ಮಾತಿನಲ್ಲಿ ಹೇಳಿದ್ದ ಎಂಬುದನ್ನು ಪಕ್ಕದಲ್ಲಿಟ್ಟಾಗ ಮಾತ್ರ ಅವನು ಸೋಗಲಾಡಿ ಆಗುತ್ತಾನೆ. ಮನಸ್ಸು ಬದಲಿಸಿದವನೂ ಸೋಗಲಾಡಿಯಲ್ಲ. ಬದಲಿಸಿದ್ದನ್ನು ಮುಚ್ಚಿಟ್ಟವನು ಆಗಬಹುದು. ಈ ಮೂವರನ್ನೂ ನೀವು ಒಂದೇ ಗೋಣಿಗೆ ತುಂಬಿದ್ದೀರಿ.

ಎರಡನೇ ಪುಟದಲ್ಲಿ ‘ಪಕ್ಷಾಂತರಿಗಳಿಗೆ ನಾಚಿಕೆಯಿಲ್ಲ’ ಎಂದಿದ್ದೀರಿ. ನಿಮ್ಮ ಪಕ್ಕದ ಯಲ್ಲಾಪುರ ಕ್ಷೇತ್ರವನ್ನೇ ನೋಡಿ. 2018ರಲ್ಲಿ ಒಂದು ಪಕ್ಷದಿಂದ ಗೆದ್ದವರು 2019ರಲ್ಲಿ ಅನರ್ಹಗೊಂಡರು. ಸುಪ್ರೀಂ ಕೋರ್ಟ್ ಆ ವರ್ಷದ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿಯಿತು, ಮತ್ತೆ ಸ್ಪರ್ಧಿಸಲು ಮಾತ್ರ ಬಿಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅದೇ ಮತದಾರರು ಅದೇ ವ್ಯಕ್ತಿಯನ್ನು ಇನ್ನೊಂದು ಪಕ್ಷದ ಚಿಹ್ನೆಯಲ್ಲಿ ಗೆಲ್ಲಿಸಿದರು. ಈಗ ನಾಚಿಕೆ ಯಾರದ್ದು? ಮತದಾರ ಪಕ್ಷ ನೋಡದೆ ಮನುಷ್ಯನನ್ನು ನೋಡಿದ್ದರೆ ಅದರಲ್ಲಿ ತಪ್ಪೇನು? ಈ ಪ್ರಶ್ನೆಗೆ ನಿಮ್ಮ ಉತ್ತರ ಏನೇ ಇರಲಿ ಅಡ್ಡಿಲ್ಲ, ಪ್ರಶ್ನೆಯನ್ನೇ ಕೇಳದೆ ಮುಂದೆ ಹೋಗಬೇಡಿ. ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನದಲ್ಲಿ, ವಾಲಿಯ ಅರ್ಥ ಹೇಳುವವನು ನೆಲಕ್ಕೆ ಬಿದ್ದೇ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಅವನ ವಾದ ಸಪ್ಪೆಯಾದರೆ ರಾಮನ ಉತ್ತರಕ್ಕೂ ತೂಕವಿಲ್ಲ, ಸಭೆಯವರು ಕವಳಕ್ಕೆಂದು ಎದ್ದು ಹೋಗುತ್ತಾರೆ. ನಿಮ್ಮ ಲೇಖನದಲ್ಲಿ ವಾಲಿಗೆ ಬಾಯಿಯೇ ಇಲ್ಲ.

ಮೂರನೇ ಪುಟದ ಹಳಹಳಿಕೆಗೆ ಬರೋಣ. ‘ರಾಮಕೃಷ್ಣ ಹೆಗಡೆಯವರ ಮೌಲ್ಯಾಧಾರಿತ ರಾಜಕಾರಣ ಎಲ್ಲಿ ಹೋಯಿತು?’ ಸಿದ್ದಾಪುರದ ದೊಡ್ಮನೆಯವರು, ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಮುಖ್ಯಮಂತ್ರಿಯಾದವರು. ಅಭಿಮಾನ ಸಹಜ. ಆದರೆ ಅಭಿಮಾನದ ವಾಕ್ಯ ಅರ್ಧಕ್ಕೇ ನಿಂತಿದೆ. ಪೂರ್ತಿ ಮಾಡಿ. 1984ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಅವರ ಜನತಾ ಪಕ್ಷಕ್ಕೆ ಬಂದದ್ದು 4. ಜನರ ಒಪ್ಪಿಗೆ ಉಳಿದಿಲ್ಲ ಎಂದು ಹೆಗಡೆ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು, 1985ರ ಮಾರ್ಚ್‌ನಲ್ಲಿ 224ರಲ್ಲಿ 139 ಗೆದ್ದು ಬಂದರು. ನಿಮ್ಮ ಲೇಖನ ಇಲ್ಲಿಗೇ ನಿಲ್ಲುತ್ತದೆ. ಮರುವರ್ಷ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಚಾರದಲ್ಲಿ ಹೈಕೋರ್ಟ್ ಟೀಕಿಸಿದಾಗ ಮತ್ತೆ ರಾಜೀನಾಮೆ ಕೊಟ್ಟರು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆ ವಿವಾದದಲ್ಲಿ ಕುರ್ಚಿ ಬಿಟ್ಟರು. ಮೂರು ರಾಜೀನಾಮೆಗೂ ಮೂರು ಬಣ್ಣ. ಮೊದಲನೆಯದಕ್ಕೆ ಯಾವ ಕಾನೂನೂ ಒತ್ತಾಯಿಸಿರಲಿಲ್ಲ. ಮೂರನ್ನೂ ಸಾಲಾಗಿ ಇಟ್ಟು, ‘ಮೌಲ್ಯ’ ಎಂಬ ಪದ ಪ್ರತಿ ಸಲ ಎಷ್ಟು ಭಾರ ಹೊತ್ತಿತು ಎಂದು ನೋಡಿದರೆ ಅದೇ ಒಂದು ಲೇಖನವಾಗುತ್ತದೆ. ಹೀಗೆ ಬರೆದರೆ ಅವರ ಗೌರವವೇನೂ ಕಡಿಮೆಯಾಗುವುದಿಲ್ಲ. ಪೂಜೆ ಮಾಡುವಾಗ ಮೂರ್ತಿಯ ಬೆನ್ನು ಯಾರಿಗೂ ಕಾಣುವುದಿಲ್ಲ, ಅಷ್ಟೇ.

ಅವರ ಸರ್ಕಾರದ ಅವಧಿಯಲ್ಲೇ 1984ರ ಲೋಕಾಯುಕ್ತ ಕಾಯ್ದೆ ಬಂತು. ಅದೇ ಸಂಸ್ಥೆಯ 2011ರ ಜುಲೈ ವರದಿಯಲ್ಲಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಿಂದ ಕಬ್ಬಿಣದ ಅದಿರು ಅಕ್ರಮವಾಗಿ ಸಾಗಿದ ಕಥೆಯೂ ಇತ್ತು. ಎರಡು ಪುಟದ ಅಂತರದಲ್ಲಿ ಹೆಗಡೆ, ಬೇಲೆಕೇರಿ ಎರಡನ್ನೂ ತಂದಿದ್ದೀರಿ, ನಡುವಿನ ಈ ಕೊಂಡಿ ನಿಮಗೆ ಕಂಡಿಲ್ಲ. ಬೇಲೆಕೇರಿಯ ಪ್ಯಾರಾದಲ್ಲಂತೂ ತಪ್ಪುಗಳಿವೆ. ‘ಕೋಟಿಗಟ್ಟಲೆ ಟನ್’ ಅಲ್ಲ, ಲಕ್ಷಗಟ್ಟಲೆ. ‘ಕದ್ದು ಸಾಗಿಸಿದರು’ ಎಂದಿಷ್ಟೇ ಬರೆದರೆ ಅದರ ಸೊಗಸೇ ಹೋಗುತ್ತದೆ: 2010ರಲ್ಲಿ ಜಪ್ತಿ ಮಾಡಿದ ಅದಿರು ಜಪ್ತಿಯಲ್ಲಿದ್ದಾಗಲೇ ಹಡಗು ಹತ್ತಿತು. ಇನ್ನು ‘ಶಿಕ್ಷೆಯಾಯಿತು, ಮುಗಿಯಿತು’ ಎಂಬ ಮಾತು ಅಚ್ಚಾದರೆ ನಮಗೆ ನೋಟಿಸ್ ಬರುತ್ತದೆ. ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ಹಾಲಿ ಶಾಸಕರೊಬ್ಬರೂ ಸೇರಿದಂತೆ ಹಲವರಿಗೆ ಶಿಕ್ಷೆ ವಿಧಿಸಿತು, ನವೆಂಬರ್‌ನಲ್ಲಿ ಹೈಕೋರ್ಟ್ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಆರೋಪಿ, ಅಪರಾಧಿ, ಶಿಕ್ಷೆ ಅಮಾನತು, ಖುಲಾಸೆ: ನಾಲ್ಕೂ ಬೇರೆ ಬೇರೆ ಪದ. ಯಾವ ತಾರೀಕಿಗೆ ಯಾವುದು ಸಲ್ಲುತ್ತದೆ ಎಂದು ನೋಡಿಯೇ ಬಳಸಿ.

‘1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರ ನಾಡಿದು, ಆಗ ಎಲ್ಲರೂ ಒಂದಾಗಿದ್ದರು’ ಎಂಬುದನ್ನೂ ತಿದ್ದಬೇಕು. ಎಲ್ಲರೂ ಒಂದಾಗಿರಲಿಲ್ಲ. ಕರನಿರಾಕರಣೆಯಲ್ಲಿ ಜಪ್ತಿಯಾದ ಸತ್ಯಾಗ್ರಹಿಗಳ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರೂ ನಮ್ಮವರೇ. ಕೊಂಡವರ ಮನೆಯೆದುರು ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕೂತರು. ಆ ಜಗಲಿ, ಆ ಅಂಗಳ ನಿಮ್ಮ ಲೇಖನಕ್ಕೆ ಬೇಕಾದ ಜಾಗ.

ಈಗ ನಾಲ್ಕನೇ ಪುಟ, ‘ಕಾಡು ನುಂಗುವ ರಾಜಕಾರಣಿಗಳು’. ನಿಮ್ಮದು ತೋಟದ ಮನೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬ ಹಳೇ ಲೆಕ್ಕ ನಿಮಗೆ ಗೊತ್ತಿರಲೇಬೇಕು. ಬೆಟ್ಟವೆಂದರೆ ಸರ್ಕಾರದ ಕಾಡು, ಅಲ್ಲಿ ತೋಟದವರಿಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಮಾತ್ರ. ಅಲ್ಲಿ ನಾಲ್ಕು ಸಾಲು ಅಡಿಕೆ ಸಸಿ ಎದ್ದರೆ ಸೀಮೆಯ ಭಾಷೆಯಲ್ಲಿ ಅದಕ್ಕೆ ‘ತೋಟ ಮುಂದೆ ಬಂತು’ ಎನ್ನುತ್ತಾರೆ. ಘಟ್ಟದ ಕೆಳಗೆ ಕೂಲಿಯವನು ಕಾಡಂಚಿನಲ್ಲಿ ಗುಡಿಸಲು ಕಟ್ಟಿದರೆ ಅದರ ಹೆಸರು ‘ಅತಿಕ್ರಮಣ’. ಅವನಿಗೆ ಅತಿಕ್ರಮಣ ಸಕ್ರಮಕ್ಕಿರುವ 1978ರ ಏಪ್ರಿಲ್ 27ರ ಗಡುವು ಗೊತ್ತು, ಅರಣ್ಯ ಹಕ್ಕು ಕಾಯ್ದೆಯ 2005ರ ಡಿಸೆಂಬರ್ 13ರ ಗಡುವೂ ಗೊತ್ತು. ಬುಡಕಟ್ಟಿನವನಲ್ಲದಿದ್ದರೆ ಅದೇ ಕಾಯ್ದೆಯಡಿ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ದಾಖಲೆ ಕೊಡಬೇಕೆಂಬುದೂ ಗೊತ್ತು. ಚುನಾವಣೆಗೆ ಮೊದಲು ‘ಒಬ್ಬರನ್ನೂ ಒಕ್ಕಲೆಬ್ಬಿಸಲು ಬಿಡುವುದಿಲ್ಲ’ ಎನ್ನುವ ಅಭ್ಯರ್ಥಿಯನ್ನು ಬೈಯುವುದು ಸುಲಭ. ಈ ಎರಡು ಪದಗಳ ನಡುವೆ ನಿಂತು ಬರೆಯುವುದು ಕಷ್ಟ, ನಿಮ್ಮಿಂದ ಆಗುವ ಕೆಲಸ ಅದು.

ಆಕರಗಳ ಬಗ್ಗೆ ಚುಟುಕಾಗಿ. ‘ಐದು ವರ್ಷದಲ್ಲಿ ಆಸ್ತಿ ಹತ್ತು ಪಟ್ಟು’ ಎಂದು ಗಾಳಿಯಲ್ಲಿ ಹೇಳಬೇಡಿ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಒಬ್ಬರದ್ದೇ ಎರಡು ಚುನಾವಣೆಯ ಪ್ರತಿ ತೆಗೆದು, ಚರ, ಸ್ಥಿರ, ಸಾಲ, ಸಂಗಾತಿಯ ಹೆಸರಿನದ್ದು, ಬಾಕಿ ಮೊಕದ್ದಮೆ ಇಷ್ಟನ್ನು ಕಾಗದದ ಮೇಲೆ ಎರಡು ಕಾಲಮ್ಮಿನಲ್ಲಿ ಬರೆದುಕೊಳ್ಳಿ. ಇಲ್ಲಿ ಎಡವುವ ಜಾಗ ಒಂದಿದೆ: ಪಿತ್ರಾರ್ಜಿತ ಜಮೀನಿನ ಮಾರುಕಟ್ಟೆ ದರ ಏರಿದ್ದನ್ನು ಗಳಿಕೆ ಎಂದು ಓದಿಬಿಡುತ್ತೇವೆ. ಸರ್ವೆ ನಂಬರ್ ಅದೇ ಇದೆಯೋ ಹೊಸದೋ ನೋಡಿ. ಖರ್ಚಿನದ್ದೂ ಹಾಗೆಯೇ. ವಿಧಾನಸಭೆ ಅಭ್ಯರ್ಥಿಯ ಮಿತಿ 2022ರಿಂದ 40 ಲಕ್ಷ, ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ನೀವು ಸಿಟ್ಟಾಗಬೇಕಾದದ್ದು ಈ ಕೊನೆಯ ವಾಕ್ಯಕ್ಕೆ.

ಇನ್ನು ಆ ಹನ್ನೊಂದು ಸಾಲು. ಗ್ರಾಮ ಪಂಚಾಯತ್ ಮತದಾನದ ಹಿಂದಿನ ರಾತ್ರಿ, ಕರೆಂಟಿಲ್ಲ. ಬೇಲಿಯ ದಣಪೆ ದಾಟಿ ಟಾರ್ಚ್ ಬೆಳಕು ಬರುತ್ತದೆ. ಬಂದವನಿಗೆ ಅತ್ತೆ ಬೆಲ್ಲ-ನೀರು ಕೊಡುತ್ತಾರೆ. ಅವನು ಕೊಟ್ಟ ಲಕೋಟೆಯನ್ನು ಸಾಸಿವೆ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತುತ್ತಾರೆ. ‘ಪಾಪ, ಅಷ್ಟು ದೂರದಿಂದ ನಡೆದು ಬಂದಿದ್ದಾನೆ’ ಎನ್ನುತ್ತಾರೆ. ಇದು ಬರವಣಿಗೆ. ಅತ್ತೆ ಕೆಟ್ಟವರೂ ಅಲ್ಲ, ಮುಗ್ಧರೂ ಅಲ್ಲ. ಕಾನೂನು ಮಾತ್ರ ಕೊಟ್ಟವನನ್ನೂ ತೆಗೆದುಕೊಂಡವರನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತದೆ, ಭಾರತೀಯ ನ್ಯಾಯ ಸಂಹಿತೆಯ 170ನೇ ಸೆಕ್ಷನ್ ಓದಿ. ಆದರೆ ಮುಂದಿನ ಪುಟದಲ್ಲೇ ಅತ್ತೆಯನ್ನು ‘ವ್ಯವಸ್ಥೆಯ ಬಲಿಪಶು’ ಮಾಡಿ ಕಳಿಸಿಬಿಟ್ಟಿರಿ. ಬೆಲ್ಲ-ನೀರು ಕೊಟ್ಟ ಹೆಂಗಸಿಗೆ ಆ ಪದ ಅಂಟುವುದಿಲ್ಲ.

ಇದೇ ಪುಟದಲ್ಲಿ ಒಂದು ತಪ್ಪಿದೆ, ಬಂಗಾರದಂಥ ತಪ್ಪು. ಮರುದಿನ ಅತ್ತೆ ಮತಪತ್ರದಲ್ಲಿ ಪಕ್ಷದ ಚಿಹ್ನೆಗೆ ಮುದ್ರೆ ಒತ್ತಿದರು ಎಂದಿದ್ದೀರಿ. ಕರ್ನಾಟಕದ ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಅದು ಪಕ್ಷರಹಿತ ಚುನಾವಣೆ. ಆದರೂ ಫಲಿತಾಂಶದ ದಿನ ಎಲ್ಲ ಪಕ್ಷಗಳೂ ತಮ್ಮ ‘ಬೆಂಬಲಿತ’ರು ಇಷ್ಟು ಜನ ಗೆದ್ದರು ಎಂದು ಪಟ್ಟಿ ಕೊಡುತ್ತವೆ, ಪತ್ರಿಕೆಗಳು ಅದನ್ನು ಹಾಗೆಯೇ ಅಚ್ಚು ಹಾಕುತ್ತವೆ. ಕಾನೂನು ‘ಇಲ್ಲ’ ಎಂದ ಪಕ್ಷ ಯಾವುದೆಂದು ಊರಿಗೆಲ್ಲ ಗೊತ್ತು, ಒಂದೇ ಒಂದು ಪದದ ಮರೆಯಲ್ಲಿ. ಸೋಗಲಾಡಿತನ ಎಂದು ಒಂಬತ್ತು ಪುಟ ಹುಡುಕಿದ್ದು ಆ ‘ಬೆಂಬಲಿತ’ದಲ್ಲಿ ಕೂತಿದೆ. ತಪ್ಪು ತಿದ್ದಿ, ಆ ಪದವನ್ನು ಅತ್ತೆಯ ಬಾಯಿಂದ ಹೇಳಿಸಲು ಆಗುತ್ತದೆಯೇ ನೋಡಿ.

ಡಬ್ಬಿಯಿಂದ ಶುರು ಮಾಡಿ, ಸಾವಿರದ ಇನ್ನೂರು ಪದದೊಳಗೆ ಮುಗಿಸಿ ಕಳಿಸಿ. ‘ಭ್ರಷ್ಟ’ ಇಪ್ಪತ್ತಮೂರು ಸಲ ಬಂದಿದೆ, ಎರಡು ಉಳಿಯಲಿ. ಅಂದಹಾಗೆ, ಲಕೋಟೆಯಲ್ಲಿ ಎಷ್ಟಿತ್ತು ಎಂದು ಎಲ್ಲೂ ಬರೆದಿಲ್ಲ. ಅತ್ತೆ ಎಣಿಸಿದರೋ ಇಲ್ಲವೋ ಎಂಬುದನ್ನೂ.